ಅಪ್ಪನೆಂಬ ಪೋಷಕ ಪಾತ್ರ

ಆ ವಾರ ಅಪ್ಪ ಐದು ಸಲ ಸತ್ತಿದ್ದ. ಒಂದು ಸಲ ಹಡಗು ಮುಳುಗಿ, ಒಂದು ಸಲ ಕಾರ್ಖಾನೆಗೆ ಬೆಂಕಿ ಬಿದ್ದು, ಇನ್ನೊಂದು ಸಲ ಹೆಸರು ಹೇಳಲು ನಾಲಿಗೆ ಹೊರಳದ ಯಾವುದೋ ಜ್ವರ ಬಂದು. ಉಳಿದೆರಡು ಸಲ ಹೇಗೆ ಸತ್ತನೆಂದು ತಿಳಿಸುವ ಸೌಜನ್ಯವನ್ನೂ ಲೇಖಕರು ತೋರಿಸಿರಲಿಲ್ಲ. ‘ಅಪ್ಪ ತೀರಿಕೊಂಡ ಮೇಲೆ’ ಎಂದು ಮೊದಲ ಸಾಲಿನಲ್ಲೇ ಬರೆದು ಕೈ ತೊಳೆದುಕೊಂಡಿದ್ದರು. ಸತ್ತವರೆಲ್ಲ ಮಗಳು ಓದುತ್ತಿದ್ದ ಕಾದಂಬರಿಗಳ ಅಪ್ಪಂದಿರು, ನಿಜ. ಆದರೂ ದಿನವಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು, ಕಾಲು ಕಂಬವಾಗಿ ಮನೆಗೆ ಬಂದ ಮನುಷ್ಯನಿಗೆ ಬಾಗಿಲಲ್ಲೇ "ಅಪ್ಪಾ, ಇದರಲ್ಲೂ ಅಪ್ಪ ಸತ್ತ" ಎಂದು ಸ್ವಾಗತ ಸಿಕ್ಕರೆ ಹೇಗಾಗಬೇಡ, ನೀವೇ ಹೇಳಿ.

ಮಗಳಿಗೆ ಹದಿನಾರು. ಶಾಲೆಯಲ್ಲಿ ಭಾಷೆ ಕಲಿಸುವ ಮೇಡಂ ಒಂದು ವಿಚಾರಗೋಷ್ಠಿ ಇಟ್ಟುಕೊಂಡಿದ್ದರು. ಹದಿಹರೆಯದವರ ಕಾದಂಬರಿಗಳಲ್ಲಿ ಪಾತ್ರಗಳು ಹೇಗಿರುತ್ತವೆ, ವಸ್ತು ಏನಿರುತ್ತದೆ ಎಂದು ಮಕ್ಕಳೇ ಓದಿ, ಯೋಚಿಸಿ, ಮಾತಾಡಬೇಕು. (ವಿಚಾರಗೋಷ್ಠಿ ಎಂದರೆ ಒಬ್ಬರು ವಿಚಾರ ಮಾಡುವುದು, ಉಳಿದವರು ಆಕಳಿಸುವುದು.) ಅದಕ್ಕಾಗಿ ಮಗಳು ಗ್ರಂಥಾಲಯದಿಂದ ಒಂದು ಹೊರೆ ಪುಸ್ತಕ ತಂದು ಊಟದ ಮೇಜಿನ ಮೇಲೆ ಪೇರಿಸಿದ್ದಳು. ಊಟದ ಮೇಜಿನಲ್ಲಿ ಈಗ ಊಟಕ್ಕೇ ಜಾಗ ಇರಲಿಲ್ಲ. ಅಜ್ಜಿ, ಅಂದರೆ ಅಪ್ಪನ ಅತ್ತೆ, ಅದರಲ್ಲಿ ಒಂದೊಂದನ್ನೇ ಎಳೆದುಕೊಂಡು ಕೊನೆಯ ಪುಟದಿಂದ ಓದಲು ಹಿಡಿದಿದ್ದಳು. ಈ ವಯಸ್ಸಿನಲ್ಲಿ ಮೊದಲಿನಿಂದ ಓದಿದರೆ ಕೊನೆ ಮುಟ್ಟುತ್ತೇನೋ ಇಲ್ಲವೋ ಅನ್ನುವುದು ಅವಳ ವಾದ.

ಇಷ್ಟೇ ಆಗಿದ್ದರೆ ಅಪ್ಪ ನುಂಗಿಕೊಳ್ಳುತ್ತಿದ್ದ. ಅದೇ ಶಾಲೆಯವರು ಅದೇ ಮಕ್ಕಳನ್ನು ಬೆಟ್ಟದ ಬುಡದಲ್ಲಿ ಮೂರು ದಿನದ ಶಿಬಿರಕ್ಕೆ ಕರೆದುಕೊಂಡು ಹೋಗುವವರಿದ್ದರು. ರಾತ್ರಿ ಡೇರೆಯಲ್ಲಿ ಮಲಗುವುದಂತೆ. ಮಗಳು ಕೇಳಿದಳು. ಅಪ್ಪ ಬೇಡ ಅಂದ.

"ಯಾಕೆ ಬೇಡ?"

"ಬೇಡ ಅಂದ್ರೆ ಬೇಡ. ಡೇರೆಗೆ ಚಿಲಕ ಇರಲ್ಲ."

"ಅಪ್ಪಾ, ಅಸ್ಮಿತೆಯ ಹುಡುಕಾಟ ಅಂತ ಒಂದಿದೆ. ನಾನು ಓದಿರೋ ಎಲ್ಲಾ ಪುಸ್ತಕದ ವಸ್ತು ಅದೇ. ಮನೆಯಿಂದ ಆಚೆ ಹೋದ್ರೇನೇ ಅದು ಸಿಗೋದು."

"ನೀನು ಕಳ್ಕೊಂಡಿರೋ ವಸ್ತು ಎಲ್ಲಾ ಇಷ್ಟು ದಿನ ಮಂಚದ ಕೆಳಗೇ ಸಿಕ್ಕಿದೆ. ಅದಕ್ಯಾಕೆ ಬೆಟ್ಟಕ್ಕೆ ಹೋಗ್ಬೇಕು? ಬಗ್ಗಿ ನೋಡು."

ಅಪ್ಪನಿಗೆ ತನ್ನ ಮಾತು ಬಹಳ ಚೆನ್ನಾಗಿದೆ ಅನ್ನಿಸಿತು. ನಕ್ಕ. ಒಬ್ಬನೇ ನಕ್ಕ. ಸೋಫಾದ ಮೇಲೆ ಅಮ್ಮ ಮಲಗಿದ್ದಳು. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಹೆಚ್ಚಾಗಿ ರಾತ್ರಿ ಪಾಳಿ. ಎಷ್ಟೋ ವರ್ಷದಿಂದ ನಿದ್ದೆ ಬಾಕಿ ಇರುವ ಹೆಂಗಸು ಆದ್ದರಿಂದ ಕಣ್ಣು ಮುಚ್ಚಿಕೊಂಡೇ ಸಂಸಾರ ನಡೆಸುವ ವಿದ್ಯೆ ಅವಳಿಗೆ ಒಲಿದಿತ್ತು.

"ಕಳಿಸ್ರೀ, ಪಾಪ" ಎಂದಳು, ಕಣ್ಣು ಬಿಡದೆ.

"ನೀನು ಸುಮ್ನೆ ನಿದ್ದೆ ಮಾಡು."

"ಮಾಡ್ತಾನೇ ಇದೀನಿ. ನಿದ್ದೆಯಲ್ಲೇ ಹೇಳಿದ್ದು."

"ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ" ಎಂದು ಅಜ್ಜಿ ಪುಸ್ತಕದೊಳಗಿಂದ ಯಾರಿಗೂ ಅಲ್ಲದಂತೆ ಹೇಳಿದಳು.

ಆಗ ಮಗಳು ಆ ಮಾತು ಹೇಳಿದ್ದು. "ಅಪ್ಪಾ, ಬೇಜಾರು ಮಾಡ್ಕೋಬೇಡ. ನೀನು ಒಂದು ಚಪ್ಪಟೆ ಪಾತ್ರ."

ಅಪ್ಪ ತನ್ನ ಹೊಟ್ಟೆಯ ಕಡೆ ನೋಡಿಕೊಂಡ. ಯಾವ ಕಡೆಯಿಂದ ನೋಡಿದರೂ ಆರೋಪಕ್ಕೆ ಆಧಾರ ಕಾಣಲಿಲ್ಲ.

"ಹಾಗಲ್ಲ ಅಪ್ಪ. ಚಪ್ಪಟೆ ಪಾತ್ರ ಅಂದ್ರೆ ಕಥೆಯುದ್ದಕ್ಕೂ ಒಂದೇ ಥರ ಇರುತ್ತೆ. ಅದು ಮುಂದೆ ಏನು ಹೇಳುತ್ತೆ ಅಂತ ಓದೋರಿಗೆ ಮೊದ್ಲೇ ಗೊತ್ತಿರುತ್ತೆ. ದುಂಡು ಪಾತ್ರ ಅಂದ್ರೆ ಅದಕ್ಕೊಂದು ಒಳಗುದಿ ಇರುತ್ತೆ, ಗುಟ್ಟಿರುತ್ತೆ, ಇದ್ದಕ್ಕಿದ್ದಂತೆ ಅಚ್ಚರಿ ಮಾಡುತ್ತೆ. ಅಮ್ಮ ದುಂಡು ಪಾತ್ರ."

ಅಮ್ಮ ಒಂದು ಕಣ್ಣು ತೆರೆದಳು. "ಏನಂದೆ?"

"ಹೊಗಳಿದ್ದು ಅಮ್ಮ."

"ಹೊಗಳೋದಾದ್ರೆ ಬೇರೆ ಮಾತಲ್ಲಿ ಹೊಗಳು" ಎಂದು ಕಣ್ಣು ಮುಚ್ಚಿದಳು.

"ಹಾಗೇನೂ ಇಲ್ಲ" ಎಂದ ಅಪ್ಪ. "ನಾನು ಏನು ಹೇಳ್ತೀನಿ ಅಂತ ಯಾರಿಗೂ ಗೊತ್ತಾಗಲ್ಲ."

"ನೀನು ‘ಹಾಗೇನೂ ಇಲ್ಲ’ ಅಂತೀಯ ಅಂತಾನೂ ನಂಗೆ ಗೊತ್ತಿತ್ತು" ಎಂದು ಮಗಳು ಎರಡು ಪುಸ್ತಕ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲಿಗೆ ಚಿಲಕವಿತ್ತು.

ಅಪ್ಪನಿಗೆ ಇದು ನಾಟಿತು. ಮೊನ್ನೆ ಮೊನ್ನೆಯವರೆಗೂ ಈ ಹುಡುಗಿ ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಬಂದು, ತಿರುಗುವ ಸ್ಟೂಲಿನ ಮೇಲೆ ಕೂತು ಗಿರಗಿರ ಸುತ್ತುತ್ತಾ, ಬೆಳಗಿನಿಂದ ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಳು. ಗಿರಾಕಿಗಳು ಕಾದರೆ ಕಾಯಲಿ ಎಂದು ಅಪ್ಪ ಕೇಳುತ್ತಿದ್ದ. ಈಗ ಅಂಗಡಿಗೂ ಇಲ್ಲ, ಮಾತೂ ಇಲ್ಲ. ಊರಿನ ಅರ್ಧದಷ್ಟು ಜನರ ಕಣ್ಣಿಗೆ ತಕ್ಕ ಗಾಜು ಹಾಕಿಕೊಟ್ಟವನಿಗೆ ಮಗಳ ಕಣ್ಣಿಗೆ ತಾನು ಕಾಣಿಸುವಂತೆ ಮಾಡಲು ಯಾವ ನಂಬರಿನ ಗಾಜು ಬೇಕೆಂದು ತಿಳಿಯಲಿಲ್ಲ. ಇವತ್ತು ಡೇರೆ, ನಾಳೆ ಇನ್ನೇನೋ, ಆಮೇಲೆ ಮನೆಗೆ ಬರುವುದೇ ಅಪರೂಪ. ಹೋಗುವ ಮೊದಲು ಒಂದು ಸಲವಾದರೂ ಅವಳು ತನ್ನ ಕಡೆ ತಿರುಗಿ ‘ಓಹೋ’ ಅನ್ನಬೇಕು, ಅಷ್ಟೇ ಅವನ ಆಸೆ.

ಆದ್ದರಿಂದ ಅಪ್ಪ ಒಂದು ಮಹಾಸಂಕಲ್ಪ ಮಾಡಿದ. ತಾನು ದುಂಡು ಪಾತ್ರ ಆಗತಕ್ಕದ್ದು.

ದುಂಡಾಗಲು ಮೊದಲು ಗುಟ್ಟು ಬೇಕು. ಅಪ್ಪನ ಹತ್ತಿರ ಗುಟ್ಟುಗಳಿರಲಿಲ್ಲ; ಇದ್ದ ಒಂದೆರಡನ್ನೂ ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೇಳಿಬಿಟ್ಟಿದ್ದ. ಹಾಗಾಗಿ ಹೊಸದೊಂದನ್ನು ತಯಾರಿಸಲು ಮಾರನೆಯ ದಿನ ಅಂಗಡಿ ಮುಚ್ಚಿದ ಮೇಲೆ ನೆಟ್ಟಗೆ ಮನೆಗೆ ಬಾರದೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಹೋಗಿ ನಿಗೂಢವಾಗಿ ಕೂತ. ನಿಗೂಢವಾಗಿ ಕೂರುವುದು ಕಷ್ಟದ ಕೆಲಸ. ಸ್ವಲ್ಪ ಹೊತ್ತಿಗೆ ಹಳೆಯ ಗಿರಾಕಿಯೊಬ್ಬರು ಬಂದು, "ಓಹ್, ಇಲ್ಲೇ ಸಿಕ್ಕಿದ್ರಲ್ಲ! ಇದರ ಕಡ್ಡಿ ಸ್ವಲ್ಪ ಸಡಿಲ ಆಗಿದೆ ನೋಡಿ" ಎಂದು ಕನ್ನಡಕ ಬಿಚ್ಚಿ ಕೈಗೆ ಕೊಟ್ಟರು. ಅಪ್ಪನ ಜೇಬಿನಲ್ಲಿ ಸದಾ ಇರುವ ಸಣ್ಣ ಸ್ಕ್ರೂಡ್ರೈವರ್ ಹೊರಬಂತು. ಅವರದ್ದು ಮುಗಿಯುವಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದ ಇನ್ನಿಬ್ಬರು ತಮ್ಮ ತಮ್ಮದನ್ನು ಬಿಚ್ಚಿ ಹಿಡಿದುಕೊಂಡು ಸಾಲು ನಿಂತಿದ್ದರು.

ಅಂತೂ ತಡವಾಗಿ ಮನೆಗೆ ಬಂದ. ಅಮ್ಮ ಆಸ್ಪತ್ರೆಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು.

"ಎಲ್ಲಿದ್ರಿ ಇಷ್ಟೊತ್ತು?"

ಅಪ್ಪ ಕೋಣೆಯ ಬಾಗಿಲಿನ ಕಡೆ ಮುಖ ಮಾಡಿ, ಮಗಳಿಗೆ ಕೇಳುವಷ್ಟು ಗಟ್ಟಿಯಾಗಿ, "ಕೆಲವು ಪ್ರಶ್ನೆಗಳಿಗೆ ಉತ್ತರ ಇರುವುದಿಲ್ಲ" ಎಂದ.

"ಹಾಲು ತಂದ್ರಾ ಅನ್ನೋ ಪ್ರಶ್ನೆಗೂ ಇರೋದಿಲ್ವಾ?"

ಹಾಲು ತಂದಿರಲಿಲ್ಲ. ಮತ್ತೆ ಚಪ್ಪಲಿ ಮೆಟ್ಟಿ ಹೋಗಿ ತಂದ. ಬಂದವನು ಕಿಟಕಿಯ ಸರಳು ಹಿಡಿದು ದೂರ ನೋಡುತ್ತಾ ನಿಂತ. (ಎದುರಿಗೆ ಪಕ್ಕದ ಮನೆಯ ಗೋಡೆ ಇತ್ತು, ಎಷ್ಟು ದೂರ ನೋಡಿದರೂ ಗೋಡೆಯೇ.) ಒಂದೆರಡು ನಿಟ್ಟುಸಿರು ಬಿಟ್ಟ. ಮೂರನೆಯದಕ್ಕೆ ಅಜ್ಜಿ ಪುಸ್ತಕ ಕೆಳಗಿಟ್ಟಳು.

"ಅಳಿಯಂದ್ರೇ, ಗ್ಯಾಸ್ ಆಗಿದ್ಯಾ?"

"ಇಲ್ಲ ಅತ್ತೆ. ಇದು ಒಳಗುದಿ."

"ಅದೇ, ಒಳಗೆ ಕುದೀತಾ ಇರುತ್ತೆ. ಬಿಸಿನೀರು ಕುಡೀರಿ, ಮೇಲೆ ಬರುತ್ತೆ."

ಕೋಣೆಯ ಬಾಗಿಲು ತೆರೆದು ಮಗಳು ಹೊರಗೆ ಬಂದಳು. ಅಪ್ಪ ಸರಳನ್ನು ಇನ್ನೂ ಬಿಗಿಯಾಗಿ ಹಿಡಿದ. ಅವಳು ಎರಡೂ ಕಿವಿಗೆ ಹಾಡು ಸಿಕ್ಕಿಸಿಕೊಂಡು, ಓದುತ್ತಲೇ ನಡೆದುಹೋಗಿ, ನೀರು ಕುಡಿದು, ಓದುತ್ತಲೇ ವಾಪಸು ಹೋದಳು. ಅಪ್ಪ ಬಿಸಿನೀರು ಕುಡಿದು ಮಲಗಿದ.

ಸಂಕಲ್ಪ ಅಲ್ಲಿಗೇ ಮಣ್ಣುಪಾಲಾಗುತ್ತಿತ್ತು. ಆದರೆ ಅಷ್ಟರಲ್ಲಿ ಶಾಲೆಯಿಂದ ಅಪ್ಪನ ಮೊಬೈಲಿಗೆ ಒಂದು ಸಂದೇಶ ಬಂತು. ವಿಚಾರಗೋಷ್ಠಿಯ ಆಹ್ವಾನ. ಯಾರು ಯಾವ ವಿಷಯ ಮಾತಾಡುತ್ತಾರೆಂದು ಬರೆದಿತ್ತು. ಮಗಳ ವಿಷಯ: ‘ಹದಿಹರೆಯದ ಕಾದಂಬರಿಗಳಲ್ಲಿ ಪೋಷಕ ಪಾತ್ರ’. ಅದರ ಕೆಳಗೆ, ‘ಪೋಷಕರಿಗೆ ಆದರದ ಸ್ವಾಗತ’.

ಅಪ್ಪ ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಮಗಳು ಶಾಲೆಗೆ ಸೇರಿದಾಗಿನಿಂದ ಶಾಲೆಯವರು ಅವನನ್ನು ‘ಪೋಷಕರೇ’ ಎಂದೇ ಕರೆದಿದ್ದರು. ಪೋಷಕರ ಸಭೆ, ಪೋಷಕರ ಸಹಿ, ಪೋಷಕರ ಗಮನಕ್ಕೆ. ಪೋಷಕ ಎಂದರೆ ಅಪ್ಪ ಅಮ್ಮ. ಪಾತ್ರ ಎಂದರೆ ಅವರು ಮಾಡುವ ಕೆಲಸ. ಇದರಲ್ಲಿ ತಿಳಿಯದಿರುವುದೇನಿದೆ?

"ಏ, ಎದ್ದೇಳೇ! ಅವಳು ನಮ್ಮ ಬಗ್ಗೆ ಮಾತಾಡ್ತಾಳಂತೆ ಕಣೇ! ವೇದಿಕೆ ಮೇಲೆ!"

"ಒಳ್ಳೇದು. ಬೈದ್ರೆ ನನ್ನ ಎಬ್ಬಿಸಬೇಡಿ" ಎಂದು ಅಮ್ಮ ಮಗ್ಗುಲು ಬದಲಿಸಿದಳು.

ಸಂಜೆ ಮಗಳಿಗೆ "ನಾವೂ ಬರ್ತೀವಮ್ಮ" ಎಂದಾಗ ಅವಳು ಗಾಬರಿಯಾಗಿ, "ಅಯ್ಯೋ ಬೇಡ, ನಿಮಗೆ ಬೋರ್ ಆಗುತ್ತೆ" ಎಂದಳು. ನೋಡಿ, ಎದುರಿಗೆ ಹೊಗಳುವುದಕ್ಕೆ ಹುಡುಗಿಗೆ ನಾಚಿಕೆ, ಅಂದುಕೊಂಡ ಅಪ್ಪ. ಮರುದಿನದಿಂದ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಕನ್ನಡಿಯ ಮುಂದೆ ನಿಂತು, ಹೊಗಳಿಸಿಕೊಳ್ಳುವಾಗ ಇಟ್ಟುಕೊಳ್ಳಬೇಕಾದ ವಿನಯದ ಮುಖವನ್ನು ಅಭ್ಯಾಸ ಮಾಡಿದ. ಕನ್ನಡಕದ ಅಂಗಡಿಯಲ್ಲಿ ಗೋಡೆಗೊಂದು ಕನ್ನಡಿ. ತಲೆ ತುಸು ಬಾಗಿಸಿ, ‘ಏನೋ ನಮ್ಮ ಕೈಲಾದದ್ದು’ ಎನ್ನುವಂಥ ಸಣ್ಣ ನಗೆ ನಕ್ಕರೆ ನಾಲ್ಕೂ ಕಡೆಯಿಂದ ನಾಲ್ಕು ಜನ ವಿನಯವಂತರು ತಿರುಗಿ ನಗುತ್ತಿದ್ದರು. ಅಂಗಡಿಯ ಮಾಲೀಕರು ಎರಡು ಸಲ ನೋಡಿ, "ಬೇಕಾದ್ರೆ ಒಂದಷ್ಟು ದಿನ ರಜೆ ತಗೊಳ್ಳಿ, ನಿಮ್ಮ ರಜೆ ಹಾಗೇ ಕೊಳೀತಾ ಬಿದ್ದಿದೆ" ಎಂದರು. ಅಪ್ಪ ಒಂದೇ ಒಂದು ಮಧ್ಯಾಹ್ನ ಸಾಕೆಂದ.

ಆ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅಮ್ಮನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಹೋದ. ಶಾಲೆಯ ಸಭಾಂಗಣದಲ್ಲಿ ಮೊದಲ ಸಾಲಿನಲ್ಲಿ ಕೂತ. ಅಮ್ಮ ಅವನ ಹೆಗಲಿಗೆ ತಲೆ ಕೊಟ್ಟಳು. ಹಿಂದೆ ಕೂತವರಿಗೆ ಇದು ಆದರ್ಶ ದಾಂಪತ್ಯದಂತೆ ಕಂಡಿರಬೇಕು. ಅಮ್ಮ ಆಗಲೇ ಗೊರಕೆಯ ಹೊಸ್ತಿಲಲ್ಲಿದ್ದಳು.

ಮಗಳ ಸರದಿ ಬಂತು. ಅಪ್ಪ ವಿನಯದ ಮುಖ ಧರಿಸಿದ.

"ಪೋಷಕ ಪಾತ್ರ ಅಂದರೆ, ಕಥೆಯ ನಾಯಕನಿಗೋ ನಾಯಕಿಗೋ ಒತ್ತಾಸೆಯಾಗಿ ನಿಲ್ಲೋ ಚಿಕ್ಕ ಪಾತ್ರ" ಎಂದು ಮಗಳು ಶುರುಮಾಡಿದಳು. "ಗೆಳತಿ ಇರಬಹುದು, ಪಕ್ಕದ ಮನೆಯ ಮುದುಕ ಇರಬಹುದು, ನಾಯಿ ಇರಬಹುದು. ಕೆಲವು ಸಲ ಕುದುರೆ."

ಅಪ್ಪನ ವಿನಯ ಕುದುರೆಯ ಹತ್ತಿರ ಬಂದಾಗ ಸ್ವಲ್ಪ ಅಲುಗಾಡಿತು. ಮುಂದೆ ತಮ್ಮ ವಿಷಯ ಬರುತ್ತದೆ ಎಂದು ಕಾದ.

"ಈ ಪುಸ್ತಕಗಳಲ್ಲಿ ನಾಯಕಿ ಅಳುವಾಗೆಲ್ಲ ಗೆಳತಿ ಹೆಗಲು ಕೊಡ್ತಾಳೆ. ಆದರೆ ಆ ಗೆಳತಿ ಯಾವತ್ತು ಅತ್ತಳು, ಯಾರ ಹೆಗಲ ಮೇಲೆ ಅತ್ತಳು ಅಂತ ಎಲ್ಲೂ ಬರಲ್ಲ. ಅವಳ ಮನೆಯೊಳಗೆ ನಾವು ಕಾಲಿಡೋದೇ ಇಲ್ಲ. ಪುಸ್ತಕ ಮುಗಿದ ಮೇಲೆ ನಂಗೆ ನಾಯಕಿಗಿಂತ ಅವಳದ್ದೇ ಯೋಚನೆ ಆಗುತ್ತೆ."

ಅಪ್ಪನಿಗೆ ಮೈ ಜುಮ್ಮೆಂದಿತು. ಇಷ್ಟನ್ನೆಲ್ಲ ಈ ಹುಡುಗಿ ಯಾವಾಗ ಯೋಚಿಸಿದಳು? ಬಾಗಿಲು ಹಾಕಿಕೊಂಡು ಒಳಗೆ ಮಾಡುತ್ತಿದ್ದದ್ದು ಇದನ್ನೇ? ಹೆಮ್ಮೆಯಿಂದ ಅಮ್ಮನಿಗೆ ಮೊಣಕೈಯಲ್ಲಿ ತಿವಿದ. "ಬಿ.ಪಿ. ನಾರ್ಮಲ್" ಎಂದಳು ಅಮ್ಮ, ನಿದ್ದೆಯಲ್ಲಿ.

ಗೆಳತಿಯ ನಂತರ ಮುದುಕ ಬಂದ. ಮುದುಕನ ನಂತರ ನಾಯಿ ಬಂತು. ನಾಯಿಯ ನಿಷ್ಠೆ, ನಾಯಿಯ ಮೌನ, ನಾಯಿಯ ತ್ಯಾಗ. ನಾಯಿಯ ನಂತರ ಚಪ್ಪಾಳೆ ಬಂತು. ಮಾತು ಮುಗಿದಿತ್ತು.

"ಪ್ರಶ್ನೆ ಇದ್ರೆ ಕೇಳಬಹುದು" ಎಂದರು ಮೇಡಂ, ಯಾರೂ ಕೇಳಲಾರರೆಂಬ ಭರವಸೆಯಿಂದ. ಅಪ್ಪ ಎದ್ದು ನಿಂತ. ಆಸರೆ ತಪ್ಪಿದ ಅಮ್ಮ ಪಕ್ಕದ ಕುರ್ಚಿಗೆ ವಾಲಿದಳು.

"ನಾಯಿ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದ್ರಿ. ಪೋಷಕ ಪಾತ್ರ ಅಂತ ಹೆಸರು ಹಾಕಿ, ಪೋಷಕರೇ ಎಲ್ಲೂ ಬರ್ಲಿಲ್ವಲ್ಲ?"

ಸಭೆ ಗೊಳ್ಳೆಂದು ನಕ್ಕಿತು. ಮೇಡಂ ಮೃದುವಾಗಿ, "ಸರ್, ಸಾಹಿತ್ಯದಲ್ಲಿ ಪೋಷಕ ಅಂದ್ರೆ ಅಪ್ಪ ಅಮ್ಮ ಅಂತಲ್ಲ. ಸಿನಿಮಾದಲ್ಲಿ ಪೋಷಕ ನಟ ಅಂತಾರಲ್ಲ, ಹಾಗೆ" ಎಂದರು. ಅಪ್ಪನ ಕಿವಿ ಬಿಸಿಯಾಯಿತು. ಮರ್ಯಾದಸ್ಥರಾದವರು ಅಲ್ಲಿಗೇ ಕೂತುಬಿಡುತ್ತಿದ್ದರು. ಅಪ್ಪನಿಗೆ ಹಲವು ದಿನದ ಸುಸ್ತು, ಹಲವು ಸಾವಿನ ಸಂಕಟ. ಕೂರಲಿಲ್ಲ.

"ಆಗ್ಲಿ ಮೇಡಂ, ಗೊತ್ತಾಯ್ತು. ನಂದು ಇನ್ನೊಂದೇ ಪ್ರಶ್ನೆ. ಅಷ್ಟೂ ಪುಸ್ತಕದಲ್ಲಿ ಮೊದಲನೇ ಅಧ್ಯಾಯದಲ್ಲೇ ಅಪ್ಪನನ್ನ ಸಾಯಿಸ್ತಾರಲ್ಲ, ಅವನು ಮಾಡಿದ ತಪ್ಪಾದ್ರೂ ಏನು?"

ಯಾರೂ ನಗಲಿಲ್ಲ. ಮಗಳು ಅಪ್ಪನ ಮುಖ ನೋಡಿದಳು. ಕೈಯಲ್ಲಿದ್ದ ಚೀಟಿ ನೋಡಿ, ಮಡಚಿ, ಬದಿಗಿಟ್ಟಳು.

"ತಪ್ಪೇನೂ ಇಲ್ಲ. ಅಪ್ಪ ಇದ್ರೆ ಕಥೆನೇ ಶುರುವಾಗಲ್ಲ, ಅದಕ್ಕೆ" ಎಂದಳು. "ಈಗ ನೋಡಿ, ಮೊದಲನೇ ಪುಟದಲ್ಲಿ ಹುಡುಗಿ ಚೀಲ ಹೆಗಲಿಗೆ ಹಾಕ್ಕೊಂಡು ಹೊರಡ್ತಾಳೆ, ಕಾಡಿಗೋ ಸಮುದ್ರಕ್ಕೋ. ನಮ್ಮಪ್ಪನ ಥರದವರು ಮನೇಲಿದ್ರೆ ಬಾಗಿಲ ಹತ್ರನೇ ನಿಲ್ಲಿಸ್ತಾರೆ. ಎಲ್ಲಿಗೆ? ಯಾರ ಜೊತೆ? ಅವರಪ್ಪನ ನಂಬರ್ ಕೊಡು. ಛತ್ರಿ ತಗೊಂಡ್ಯಾ? ಅಷ್ಟರಲ್ಲಿ ಹಡಗು ಹೊರಟುಹೋಗುತ್ತೆ."

ಸಭೆಯಲ್ಲಿದ್ದ ಮಕ್ಕಳೆಲ್ಲ ತಮ್ಮ ತಮ್ಮ ಅಪ್ಪಂದಿರ ಕಡೆ ತಿರುಗಿದರು.

"ಹೇಗೋ ತಪ್ಪಿಸ್ಕೊಂಡು ಹೋದ್ಲು ಅಂತಾನೇ ಇಟ್ಕೊಳ್ಳಿ. ಕಾಡಲ್ಲಿ ದಾರಿ ತಪ್ಪಿದ್ಲು. ನಮ್ಮಪ್ಪ ಸುಮ್ನಿರ್ತಾರಾ? ಅಂಗಡಿ ಬಿಟ್ಟು, ಟಾರ್ಚ್ ಹಿಡ್ಕೊಂಡು, ಹತ್ತನೇ ಪುಟಕ್ಕೇ ಬಂದುಬಿಡ್ತಾರೆ. ಹುಡುಕೇ ಹುಡುಕ್ತಾರೆ. ಹುಡುಗಿಗೆ ಕಷ್ಟನೇ ಬರಲ್ಲ, ಹೆದರಿಕೆನೇ ಆಗಲ್ಲ. ಇಂಥ ಅಪ್ಪ ಬದುಕಿರೋ ತನಕ ಬರೆಯೋರಿಗೆ ಕೆಲಸ ಇಲ್ಲ. ಅದಕ್ಕೇ ಪಾಪ, ಬೇರೆ ದಾರಿ ಇಲ್ದೆ ಸಾಯಿಸ್ತಾರೆ."

ಅಪ್ಪನ ಕನ್ನಡಕ ಮಂಜಾಯಿತು. ಇಷ್ಟು ದಿನ ತನ್ನನ್ನು ಕೊಂದದ್ದೆಲ್ಲ ಅಸಡ್ಡೆಯಿಂದ ಎಂದುಕೊಂಡಿದ್ದ. ತಾನು ಇದ್ದರೆ ಮಗಳಿಗೆ ಏನೂ ಆಗುವುದಿಲ್ಲ, ಅದು ಇಷ್ಟೊಂದು ಜನರೆದುರು ಅವಳ ಬಾಯಿಂದಲೇ ಬಂದಿದೆ. ಏನೂ ಆಗುವುದೇ ಇಲ್ಲ ಎಂಬುದೇ ಅವಳ ದೂರು ಅನ್ನುವುದೂ ಅದೇ ಉಸಿರಿನಲ್ಲಿ ಅರ್ಥವಾಯಿತು. ಕನ್ನಡಕ ಮಂಜಾದವರು ಮಾತಾಡಬಾರದು. ಅಪ್ಪ ಮಾತಾಡಿದ.

"ಹಾಗಾದ್ರೆ ಎಲ್ಲರ ಎದುರಿಗೇ ಹೇಳ್ತೀನಿ ಕೇಳಮ್ಮ. ನಾನು ಮೊದಲನೇ ಅಧ್ಯಾಯದಲ್ಲೇ ಸತ್ತೆ. ನೀನು ಶಿಬಿರಕ್ಕೆ ಹೋಗಿ ಬಾ!"

"ಬಿಡ್ತು ಅನ್ನಿ!" ಎಂದು ಹಿಂದಿನಿಂದ ಯಾರೋ ಹೆಂಗಸು ಕೂಗಿದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ವೇದಿಕೆಯ ಮೇಲೆ ಮಗಳು ಬಾಯಿ ತೆರೆದು ನಿಂತಿದ್ದಳು. ಅವಳ ಕಣ್ಣಲ್ಲಿ ಅಪ್ಪನಿಗೆ ಬೇಕಾಗಿದ್ದ ಆ ‘ಓಹೋ’ ಸ್ಪಷ್ಟವಾಗಿ, ದೊಡ್ಡ ಅಕ್ಷರದಲ್ಲಿ ಕಂಡಿತು. ದುಂಡು! ದುಂಡಗೆ, ಪರಿಪೂರ್ಣ ದುಂಡು!

ಅಲ್ಲಿಗೇ ಪರದೆ ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಬೀಳಲಿಲ್ಲ. ಮೇಡಂ ಮೈಕ್ ಹತ್ತಿರಕ್ಕೆ ಬಂದರು.

"ತುಂಬಾ ಸಂತೋಷ ಸರ್. ಹಾಗೇ ಇನ್ನೊಂದು ಉಪಕಾರ ಮಾಡಿ. ಶಿಬಿರಕ್ಕೆ ಪೋಷಕರೊಬ್ಬರು ಜೊತೇಲಿ ಬರ್ಬೇಕು ಅಂತ ನಿಯಮ. ಕೇಳಿ ಕೇಳಿ ಸಾಕಾಗಿದೆ, ಒಬ್ಬರೂ ಒಪ್ತಿಲ್ಲ. ನಿಮ್ಮಷ್ಟು ಕಾಳಜಿ ಇರೋರು ಇನ್ಯಾರು ಸಿಗ್ತಾರೆ? ನೀವೇ ಬಂದ್ಬಿಡಿ."

ಅಪ್ಪನ ಎದೆ ಹಕ್ಕಿಯಾಯಿತು. ಮೂರು ದಿನ! ಪಕ್ಕದ ಡೇರೆ! ಯಾವ ಟಾರ್ಚ್ ತೆಗೆದುಕೊಂಡು ಹೋಗಬೇಕೆಂಬುದೂ ತಲೆಯಲ್ಲಿ ಬಂದುಹೋಯಿತು. ‘ಆಗ್ಲಿ’ ಎನ್ನಲು ಬಾಯಿ ತೆರೆದವನು ಮಗಳ ಕಡೆ ನೋಡಿದ. ಅವಳು ತಲೆ ಆಡಿಸಲಿಲ್ಲ, ಬೇಡ ಅನ್ನಲಿಲ್ಲ. ತುಟಿಯ ಮೇಲೆ ನಗು ಹಾಗೇ ಇತ್ತು. ಕಣ್ಣಿನಿಂದ ಮಾತ್ರ ಆ ‘ಓಹೋ’ ಮೆಲ್ಲಗೆ ಇಳಿದುಹೋಗುತ್ತಿತ್ತು.

"ಇಲ್ಲ ಮೇಡಂ" ಎಂದ ಅಪ್ಪ. "ಅಂಗಡೀಲಿ ರಜೆ ಕೊಡಲ್ಲ."

ಮಗಳು ಉಸಿರು ಬಿಟ್ಟಿದ್ದು ಮೊದಲ ಸಾಲಿಗೂ ಕೇಳಿಸಿತು. ಅಪ್ಪನ ಬಾಳಿನಲ್ಲಿ ಕೊನೆಗೂ ಒಂದು ಗುಟ್ಟು ಹುಟ್ಟಿತ್ತು. ತ್ಯಾಗ ಎಂದರೆ ಇದು, ನಾಯಿ ಮಾಡಿದ್ದೇನು ಮಹಾ ಎಂದುಕೊಂಡು ಅಪ್ಪ ಭಾರವಾದ ಎದೆಯೊಂದಿಗೆ ಕೂರುತ್ತಿದ್ದ. ಪಕ್ಕದಲ್ಲಿ ಏನೋ ಮಿಸುಕಿತು.

"ನಾನು ಬರ್ತೀನಿ ಮೇಡಂ" ಎಂದಳು ಅಮ್ಮ, ಕೆದರಿದ ಕೂದಲು ಸರಿಮಾಡಿಕೊಳ್ಳುತ್ತಾ. "ನಾನು ನರ್ಸು. ಮೂರು ದಿನ ರಜೆ ಹಾಕ್ತೀನಿ."

"ಅಮ್ಮಾ! ನಿಜವಾಗ್ಲೂ?" ಮಗಳು ವೇದಿಕೆಯಿಂದ ಹಾರಿ, ಅಪ್ಪನ ಕಾಲು ತುಳಿದು, ಅಮ್ಮನನ್ನು ತಬ್ಬಿಕೊಂಡಳು. ಅಪ್ಪ ಇಂಗು ತಿಂದ ಮಂಗನಂತೆ ನಿಂತ.

ಮನೆಗೆ ಹೋಗುವ ಬಸ್ಸಿನಲ್ಲಿ ಎರಡೇ ಸೀಟು ಖಾಲಿ ಇದ್ದವು. ತಾಯಿ ಮಗಳು ಕೂತರು. ಅಪ್ಪ ಕಂಬಿ ಹಿಡಿದು ನೇತಾಡುತ್ತಾ ಬಹಳ ಹೊತ್ತು ತಡೆದುಕೊಂಡ. ಕೊನೆಗೆ ತಡೆಯಲಾಗದೆ ಬಗ್ಗಿದ.

"ಅಲ್ಲಮ್ಮಾ, ಪೋಷಕರು ಬಂದ್ರೆ ಕಥೆ ಕೆಡುತ್ತೆ ಅಂದೆ. ಅಮ್ಮ ಬಂದ್ರೆ ಪರವಾಗಿಲ್ವಾ?"

"ಅಮ್ಮ ಎಲ್ಲಿ ಕೂತ್ರೂ ನಿದ್ದೆ ಮಾಡ್ತಾಳಪ್ಪ" ಎಂದಳು ಮಗಳು, ಬಹಳ ಪ್ರೀತಿಯಿಂದ. "ಅವಳು ಇದ್ರೂ ಕಥೆ ನಡೆಯುತ್ತೆ."

"ಅದಕ್ಕೇ ಹೋಗ್ತಿರೋದು" ಎಂದಳು ಅಮ್ಮ, ಆಗಲೇ ಕಣ್ಣು ಮುಚ್ಚಿ. "ಬೆಟ್ಟದಲ್ಲಿ ಯಾರೂ ನನ್ನ ತಿವಿದು ಎಬ್ಬಿಸಲ್ಲ."

ಅಪ್ಪ ಇನ್ನೂ ಸ್ವಲ್ಪ ಬಗ್ಗಿ, ದನಿ ಇಳಿಸಿ ಹೆಂಡತಿಯ ಕಿವಿಯಲ್ಲಿ, "ಮಾಲೀಕರನ್ನ ಇನ್ನೊಂದ್ಸಲ ಕೇಳಿದ್ರೆ ರಜೆ ಕೊಟ್ರೂ ಕೊಡಬಹುದು ಕಣೇ. ನಾನೂ ನಿಮ್ಮ ಜೊತೆ..." ಎಂದ.

"ಮೊದಲನೇ ಅಧ್ಯಾಯದಲ್ಲಿ ಸತ್ತವರು ಆಮೇಲೆ ಎದ್ದು ಬರಬಾರದು ರೀ" ಎಂದಳು ಅಮ್ಮ. "ಓದೋರು ನಂಬಲ್ಲ."